ಸುದ್ದಿಯಿಲ್ಲದ ದಾರಿ

ಹುಚ್ಚಯ್ಯನಿಗೆ ನಡೆಯುವುದೆಂದರೆ ಪ್ರಾಣ. ನಡೆದು ಹೋಗಿ ಹೇಳಬೇಕಾಗಿದ್ದ ಮಾತೆಂದರೆ ವಾಕರಿಕೆ. ಎರಡೂ ಅವನಿಗೆ ಅಪ್ಪನಿಂದಲೇ ಬಂದವು, ಒಂದೇ ದಿನ ಬಂದವು.

ಅವನ ಅಪ್ಪ ದ್ಯಾವಯ್ಯ ಹಳೇಕೋಟೆಯ ಹತ್ತಿರದ ಒಂದು ಹಳ್ಳಿಯ ಕುಲವಾಡಿ. ಊರಿನ ಗೌಡರ ಮನೆಗಳಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸುವುದು ಆ ಮನೆತನದ ಕೆಲಸ. ಅದಕ್ಕೆಂದು ಕೆರೆಯ ಕೆಳಗೆ ಒಂದು ತುಂಡು ಮಾನ್ಯದ ಗದ್ದೆ ಬಿಟ್ಟಿದ್ದರು. ಹುಚ್ಚಯ್ಯನಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ಅವನನ್ನು ಮೊದಲ ಸಲ ಶಾಂತಿಗ್ರಾಮಕ್ಕೆ ಕರೆದುಕೊಂಡು ಹೋದ. ಕೋಳಿ ಕೂಗುವ ಮೊದಲೇ ಹೊರಟಿದ್ದರು. ಬೆಳಗಾದಂತೆ ಹುಡುಗನ ಮುಂದೆ ಕಂಡರಿಯದ ಬಯಲು ಬಿಚ್ಚಿಕೊಂಡಿತು. ಹೆಸರು ಗೊತ್ತಿಲ್ಲದ ಕೆರೆ, ಬೇರೆ ಬಣ್ಣದ ಮಣ್ಣು, ಬೇರೆ ಥರ ಬೊಗಳುವ ನಾಯಿಗಳು.

"ಆ ಗುಡ್ಡದಾಚೆ ಏನದೆ ಅಪ್ಪ?"

"ಇನ್ನೊಂದು ಗುಡ್ಡ."

"ಅದ್ರಾಚೆ?"

"ನಡಿ ಮಗ, ನೋಡೀವಂತೆ."

ಆ ಹೊತ್ತಿಗೆ ಹುಡುಗನಿಗೆ ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲವೆನಿಸಿತ್ತು. ಶಾಂತಿಗ್ರಾಮದ ಆ ಮನೆ ಮುಂದೆ ಅಪ್ಪ ಹತ್ತು ಮಾರು ದೂರದಲ್ಲಿ ನಿಂತು, ಪಂಚೆ ಇಳಿಬಿಟ್ಟು, ತಲೆ ತಗ್ಗಿಸಿ ಸುದ್ದಿ ಹೇಳಿದ. ಒಳಗೆ ಹೆಂಗಸರು ಬೋರೆಂದು ಅತ್ತರು. ಒಬ್ಬಳು ಮಾತ್ರ ಅಳದೆ ಬಾನಿಯಲ್ಲಿ ಸಗಣಿ ನೀರು ತಂದು ಅಪ್ಪ ಮಗ ಇನ್ನೂ ನಿಂತಿದ್ದ ಜಾಗಕ್ಕೇ ಎರಚಿದಳು. ಹುಡುಗನ ಮೊಣಕಾಲಿನ ತನಕ ಹಸಿರು ನೀರು ಇಳಿಯಿತು. ಅಪ್ಪ ಏನೂ ಆಗಿಲ್ಲವೆಂಬಂತೆ ಟವೆಲ್ಲು ಒಡ್ಡಿ, ಮೇಲಿನಿಂದ ಬಿದ್ದ ಅನ್ನ ಕಟ್ಟಿಕೊಂಡ. ದಾರಿಯಲ್ಲಿ ಹುಡುಗ ಆ ಅನ್ನ ತಿನ್ನಲಿಲ್ಲ. ಹಸಿವಾಗಿರಲಿಲ್ಲವೆಂದಲ್ಲ.

ಹತ್ತೊಂಬತ್ತು ವರ್ಷಕ್ಕೆ ಹುಚ್ಚಯ್ಯ ಊರು ಬಿಟ್ಟ. ಜರ್ಮನಿಯ ಲಡಾಯಿ ನಡೆಯುತ್ತಿತ್ತು, ಹೊರೆ ಹೊರುವ ಪಡೆಗೆ ಜನ ಬೇಕಾಗಿದ್ದರು. ಮೈಸೂರಿಗೆ ನಡೆದು ಹೋಗಿ ಹೆಸರು ಕೊಟ್ಟ. ಬೊಂಬಾಯಿಯಲ್ಲಿ ಹಡಗು ಹತ್ತಿ ಬಸ್ರಾದಲ್ಲಿ ಇಳಿದ. ಮೂರು ವರ್ಷ ಹೇಸರಗತ್ತೆಗಳ ಜೊತೆ ಮರಳಿನಲ್ಲಿ ತಿರುಗಿದ, ಬಿಸಿಲಿಗೆ ತುಟಿ ಒಡೆದು ರಕ್ತ ಬಂದಾಗ ಒಬ್ಬ ಪಠಾಣನ ಲೋಟದಲ್ಲೇ ನೀರು ಕುಡಿದ. ಊರಿಗೆ ಹಿಂದಿರುಗಿದ ಮೂರನೇ ದಿನ ಪಟೇಲ ತಿಮ್ಮಪ್ಪಗೌಡ ಕರೆಸಿದ.

"ಬಂದ್ಯೇನ್ಲಾ ಉಚ್ಚ? ಒಳ್ಳೇದಾಯ್ತು. ಕಟ್ಟಾಯದಲ್ಲಿ ನಮ್ಮ ಬೀಗರವ್ರೆ. ನಮ್ಮ ದೊಡ್ಡವ್ವ ತೀರ್ಕಂಡ್ಲು ಅಂತ ಓಗಿ ಹೇಳ್ಬುಟ್ಟು ಬಾ."

ಅವನು ಹೋದ. ಹೋಗುವ ದಾರಿ ಎಷ್ಟು ಚೆನ್ನಾಗಿತ್ತೆಂದರೆ ಹಿಂದಿರುಗುವಾಗ ತನ್ನನ್ನೇ ಬೈದುಕೊಂಡ.

ಹೀಗೇ ನಲವತ್ತು ವರ್ಷ ಹೋಯಿತು. ನಡುನಡುವೆ ತಪ್ಪಿಸಿಕೊಂಡು ತನ್ನ ಪಾಡಿಗೆ ತಾನು ತಿರುಗಿದ. ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆದಾಗ ತಮಟೆ ಬಡಿದು ಆನೆ ಅಟ್ಟುವವರ ಜೊತೆ ಒಂದು ತಿಂಗಳಿದ್ದ. ಜೋಗಕ್ಕೆ ನಡೆದು ಹೋಗಿ, ಬೇಡವೆಂದವರ ಮಾತು ಕೇಳದೆ ಬಂಡೆ ಹಿಡಿದು ಗುಂಡಿಗೆ ಇಳಿದು ಬಂದ. ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿದ್ದ ಒಬ್ಬಳೇ ಮಗಳ ಮನೆಗೆ ಹೋಗುವಾಗಲೂ ನೆಟ್ಟ ದಾರಿ ಬಿಟ್ಟು ಗುಡ್ಡ ಹತ್ತಿ ಇಳಿದು ಹೋಗುತ್ತಿದ್ದ. ಹೆಂಡತಿ ಪಾರ್ವತಮ್ಮ ಅವನ ಊಟವನ್ನು ಮುಚ್ಚಿಟ್ಟು ಕಾದು ಕಾದು ಬೇಸತ್ತಿದ್ದಳು. "ನಿಂಗೆ ದ್ಯಾವ್ರು ಕಾಲು ಕೊಡ್ಲಿಲ್ಲ, ಗಾಡಿ ಚಕ್ರ ಕೊಟ್ಟವ್ನೆ" ಎನ್ನುವಳು. ಗದ್ದೆಯ ನಾಟಿ, ಕಳೆ, ಕೊಯ್ಲು ಎಲ್ಲ ಅವಳದೇ.

ಸಾವಿನ ಸುದ್ದಿ ಬಂದಾಗ ಮಾತ್ರ ಅವನು ಊರಲ್ಲಿಲ್ಲದಿದ್ದರೆ ಗಲಾಟೆಯಾಗುತ್ತಿತ್ತು. ಇದ್ದರೆ ಹೋಗಲೇಬೇಕು. ಹೋದಲ್ಲೆಲ್ಲ ಅದೇ ಬಾನಿ, ಅದೇ ಹಸಿರು ನೀರು. ಕೆಲವು ಮನೆಗಳಲ್ಲಿ ಅವನು ಊರಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕುತ್ತಿದ್ದರು. ಅರಕಲಗೂಡಿನ ಸಂತೆಯಲ್ಲಿ ಉಪ್ಪು ಕೊಳ್ಳಲು ನಿಂತಿದ್ದಾಗಲೂ ಗುರುತಿನವರು "ಯಾರ್ ಸತ್ರ್ಲಾ?" ಎಂದು ಕೇಳುತ್ತಿದ್ದರು. ಯಾರೂ ಇಲ್ಲವೆಂದರೆ ನಂಬುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರ ಆಷಾಢದಲ್ಲಿ ಪಟೇಲ ತಿಮ್ಮಪ್ಪಗೌಡನೇ ತೀರಿಕೊಂಡ. ಹುಚ್ಚಯ್ಯನಿಗೆ ಆಗ ಐವತ್ತೊಂಬತ್ತು. ಬೆಳಕು ಹರಿದ ಮೇಲೆ ಪಟೇಲನ ಹಿರಿಯ ಮಗ ಕೃಷ್ಣಪ್ಪ ಕೇರಿಗೆ ಆಳು ಕಳಿಸಿದ. ಜಗಲಿಯ ಮುಂದೆ ಮೂವರನ್ನು ನಿಲ್ಲಿಸಿ ಕೆಲಸ ಹಂಚಿದ. ಹುಚ್ಚಯ್ಯನ ಚಿಕ್ಕಪ್ಪನ ಮಗ ಗುಂಡಯ್ಯ ಕಟ್ಟಾಯಕ್ಕೆ. ಚಂದ್ರಯ್ಯ ಎಂಬುವನು ಚನ್ನರಾಯಪಟ್ಟಣಕ್ಕೆ. ಹುಚ್ಚಯ್ಯ ಹೊಳೆ ದಾಟಿ ಅರಕಲಗೂಡಿನ ಪಕ್ಕದ ಹಳ್ಳಿಗೆ, ಸತ್ತವನ ಮಗಳು ಲಕ್ಷ್ಮಿದೇವಮ್ಮನನ್ನು ಕೊಟ್ಟ ಮನೆಗೆ.

"ಹೊಳೆ ತುಂಬದೆ ಬುದ್ದಿ" ಎಂದ ಹುಚ್ಚಯ್ಯ. "ಅಂಬಿಗರ ಬೋರಪ್ಪ ಅರಿಗೋಲು ದಡಕ್ಕೆಳ್ದು ಬೋರಲಾಕವ್ನೆ. ನರಸೀಪುರಕ್ಕೋಗಿ ಬಸ್ಸಿಗೆ ಓಗ್ಲಾ?"

"ಸಾವಿನ ಸುದ್ದಿ ಬಸ್ಸಲ್ಲಿ ಓಗ್ತದೇನ್ಲಾ? ಅದು ಕಾಲಲ್ಲೇ ಓಗ್ಬೇಕು."

"ಸೇತುವೆ ಸುತ್ಕಂಡು ನಡ್ದ್ರೆ ನಾಳೆ ಆಯ್ತದೆ."

"ಅಷ್ಟೊತ್ತಿಗೆ ಮಣ್ಣು ಮಾಡಿರ್ತೀವಿ. ಅಕ್ಕ ಅಪ್ಪನ ಮುಖ ನೋಡ್ಬ್ಯಾಡ್ವಾ?" ಕೃಷ್ಣಪ್ಪ ಕಣ್ಣೊರೆಸಿಕೊಂಡ. "ಸಮುದ್ರ ದಾಟ್ದೋನು ನೀನು. ಈ ಹೊಳೆ ನಿಂಗ್ಯಾವ ಮೂಲೆ?"

ಪಾರ್ವತಮ್ಮ ಕೇರಿಯ ಬಾಯಿಗೆ ಅಡ್ಡ ನಿಂತಳು. ಅವಳು ಅಳಲಿಲ್ಲ. "ಓಗ್ತೀಯಾ? ನಿನ್ನ ಮುಖ ನೋಡುದ್ರೇ ಗೊತ್ತಾಯ್ತದೆ. ಓಗಾಕೆ ಆಸೆ ನಿಂಗೆ" ಎಂದಳು.

ಅವಳು ಹೇಳಿದ್ದು ನಿಜ. ಹೇಮಾವತಿ ಎರಡೂ ದಡ ಮೀರಿ ಕೆಂಪಗೆ ಹರಿಯುತ್ತಿದ್ದಳು. ದಡದಲ್ಲಿ ನಿಂತ ಹುಚ್ಚಯ್ಯನ ಎದೆ ಇಪ್ಪತ್ತರ ಹುಡುಗನ ಎದೆಯಂತೆ ಹೊಡೆದುಕೊಂಡಿತು. ಬೋರಪ್ಪ ಬೇಡವೆಂದು ಕೈ ಮುಗಿದ, ಆಮೇಲೆ ತನ್ನ ಗುಡಿಸಲಿನಿಂದ ಒಣಗಿದ ಸೋರೆಬುರುಡೆಗಳ ಜೋಡಿ ತಂದು ಅವನ ಕಂಕುಳ ಕೆಳಗೆ ಬಿಗಿದ. ಹುಚ್ಚಯ್ಯ ಪಂಚೆಯನ್ನು ತಲೆಗೆ ಸುತ್ತಿಕೊಂಡು ನೀರಿಗೆ ಇಳಿದ.

ಮೊದಲ ಅರ್ಧ ಹೊಳೆ ಅವನು ಬದುಕಿನಲ್ಲಿ ಮರೆಯದಂಥದ್ದು. ನೀರು ಅವನನ್ನು ಎತ್ತಿಕೊಂಡಿತು. ಅವನು ಅದಕ್ಕೆ ಅಡ್ಡ ಹೋಗದೆ, ಓರೆಯಾಗಿ, ಅದು ಕೊಟ್ಟಷ್ಟೇ ತೆಗೆದುಕೊಂಡು ಸಾಗಿದ. ವಯಸ್ಸು, ಸತ್ತ ಪಟೇಲ, ಹೇಳಬೇಕಾದ ಮಾತು ಯಾವುದೂ ನೆನಪಿರಲಿಲ್ಲ. ಬಾಯಿ ತುಂಬ ಮಣ್ಣು ನೀರಿದ್ದರೂ ನಗುತ್ತಿದ್ದ.

ನಡುಹೊಳೆಯಲ್ಲಿ ಒಂದು ಮರದ ಕೊಂಬೆ ಬಂದು ಬಲಗಡೆಯ ಬುರುಡೆಯನ್ನು ಒಡೆಯಿತು. ಅವನು ಒಂದು ಸಲ ಮುಳುಗಿದ. ಎದ್ದ. ಮತ್ತೆ ಮುಳುಗಿದ. ಮೂರನೇ ಸಲ ಏಳುವಾಗ ಕೈಗೆ ಗಟ್ಟಿಯಾದ ಏನೋ ಸಿಕ್ಕಿತು, ತಬ್ಬಿಕೊಂಡ. ಕೊಂಬು. ಮೇಲಿನ ಯಾವುದೋ ಊರಿನಿಂದ ತೇಲಿ ಬಂದ ಎತ್ತು, ಸತ್ತು ಮೂರು ನಾಲ್ಕು ದಿನವಾಗಿರಬೇಕು. ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಕಣ್ಣಿದ್ದ ಕಡೆ ಮೀನು ತಿಂದ ಗುಳಿ. ಅವನ ಎದೆ ಒತ್ತಿದ ಕಡೆ ಚರ್ಮ ಸಿಪ್ಪೆಯಂತೆ ಜಾರಿ ಬಂತು, ಒಳಗಿಂದ ಗಾಳಿ ಬುಸ್ಸೆಂದು ಅವನ ಮುಖಕ್ಕೇ ನುಗ್ಗಿತು. ಬಿಟ್ಟರೆ ಸಾವು. ಅವನು ಬಿಡಲಿಲ್ಲ. ಒಂದು ಹರಿದಾರಿಯಷ್ಟು ದೂರ, ಹೊಳೆ ತಿರುಗುವ ಕಡೆ ಪೊದೆಗಳಿಗೆ ಸಿಕ್ಕಿಕೊಳ್ಳುವ ತನಕ, ಆ ಹೆಣವನ್ನು ಅವುಚಿಕೊಂಡು, ಕೆನ್ನೆಯನ್ನು ಅದರ ಕತ್ತಿಗೆ ಒತ್ತಿಕೊಂಡು ಹೋದ.

ದಡದಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಾರಿಕೊಂಡ. ಮರಳಿನಿಂದ ಮೈ ಉಜ್ಜಿದ, ಹುಲ್ಲಿನಿಂದ ಉಜ್ಜಿದ. ವಾಸನೆ ಹೋಗಲಿಲ್ಲ. ಪಂಚೆ ತಲೆಯ ಮೇಲೆ ಹೇಗೋ ಉಳಿದಿತ್ತು, ಹಿಂಡಿ ಸುತ್ತಿಕೊಂಡು ನಡೆದ.

ಬೀಗರ ಮನೆಗೆ ತಲುಪಿದಾಗ ಹೊತ್ತು ಇಳಿಮುಖವಾಗಿತ್ತು. ಮನೆ ಮುಂದೆ ಯಾರೂ ಇರಲಿಲ್ಲ. ಅವನು ರೂಢಿಯಂತೆ ಹತ್ತು ಮಾರು ದೂರ ನಿಂತು ಕೂಗಿದ. ಒಬ್ಬ ಮುದುಕಿ ಹೊರಗೆ ಬಂದಳು. ಲಕ್ಷ್ಮಿದೇವಮ್ಮನ ಗಂಡನ ದೊಡ್ಡಮ್ಮ. ಅವಳು ಮೂಗಿಗೆ ಸೆರಗು ಹಿಡಿದಳು.

"ಉಚ್ಚಯ್ಯ ಅಲ್ವೇನ್ಲಾ? ಏನ್ಲಾ ಈ ಗಬ್ಬು?"

"ಲಕ್ಷ್ಮಿದೇವಮ್ಮಾರು ಅವ್ರಾ ಅವ್ವಾ?"

"ಅವ್ಳೆಲ್ಲವ್ಳೆ! ಬೆಳಕರಿಯಾಕ್ಮುಂಚೇನೇ ಅವಳ ತಮ್ಮ ಮಂಜುನಾಥ ಕಾರ್ ತಗಂಡು ಬಂದ್ಬುಟ್ಟಿದ್ದ. ಸೇತುವೆ ಮ್ಯಾಗೆ ಬಂದ್ನಂತೆ. ಎಲ್ರೂ ಹತ್ಕಂಡು ಒಂಟೋದ್ರು. ಈಗ ಅಪ್ಪನ ಹೆಣದ ಮುಂದೆ ಕುಂತಿರ್ತಾಳೆ."

ಮಂಜುನಾಥ ಕೃಷ್ಣಪ್ಪನ ತಮ್ಮ. ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವನು. ಬೆಳಕು ಹರಿಯುವ ಮೊದಲೇ ಎಂದರೆ, ಕೃಷ್ಣಪ್ಪ ಜಗಲಿಯ ಮೇಲೆ ಕೂತು 'ಅಕ್ಕ ಅಪ್ಪನ ಮುಖ ನೋಡ್ಬ್ಯಾಡ್ವಾ' ಎಂದು ಕಣ್ಣೊರೆಸಿಕೊಂಡಾಗ ಅಕ್ಕ ಆಗಲೇ ಕಾರಿನಲ್ಲಿ ಕೂತಿದ್ದಳು.

"ಅಂಗಾರೆ ನನ್ನ ಯಾಕೆ ಕಳ್ಸುದ್ರು?"

"ಶಾಸ್ತ್ರ ಅಲ್ವೇನ್ಲಾ? ಕುಲವಾಡಿ ಬಾಯಲ್ಲಿ ಬಂದ್ರೇ ಸಾವು ಬಂದಂಗೆ. ನಾನೂ ಅದ್ಕೇ ಕಾಯ್ಕಂಡಿವ್ನಿ, ಒಲೆ ಅಚ್ಚಿಲ್ಲ. ಬ್ಯಾಗ ಹೇಳ್ಬುಡು, ನೀರಾಕ್ತೀನಿ." ಅವಳ ಪಕ್ಕದಲ್ಲೇ ಬಾನಿ ತಯಾರಾಗಿತ್ತು. ಹೊಸ್ತಿಲ ಬದಿಯಲ್ಲಿ ಅವನಿಗೆಂದು ಎಲೆಯ ಮೇಲೆ ಮುದ್ದೆ, ಹುರುಳಿ ಸಾರು ಇತ್ತು. ಸಾರಿನ ಮೇಲೆ ಬಿಳಿ ನೊರೆ ಕಟ್ಟಿತ್ತು. ನಿನ್ನೆಯದೋ ಮೊನ್ನೆಯದೋ.

ಖಾಲಿ ಮನೆಗೆ, ಗೊತ್ತಿರುವ ಸುದ್ದಿಯನ್ನು, ಅವನು ಹೇಳಬೇಕಾಗಿತ್ತು. ನಲವತ್ತು ವರ್ಷದಿಂದ ಹೇಳಿದ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅದರ ಜೊತೆಗೇ ಹೊಳೆಯ ವಾಸನೆಯೂ ಬಾಯಿಗೆ ಬಂತು. ಅವನು ಉಗಿದ.

"ನಾನು ಹೇಳಕಿಲ್ಲ ಅವ್ವಾ."

"ಏನಂದೆ?"

"ಯಾರು ಸತ್ರು ಅಂತ ನಾನು ಹೇಳಕಿಲ್ಲ. ನೀವು ನೀರಾಕೊಂಡ್ರೆ ಆಕ್ಕೊಳಿ, ಬುಟ್ರೆ ಬುಡಿ."

ಮುದುಕಿ ಹಿಂದಿನಿಂದ ಏನೇನೋ ಕೂಗುತ್ತಿದ್ದಳು, ಅವಳ ಸ್ವರದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅವನು ತಿರುಗಿ ನೋಡಲಿಲ್ಲ.

ಊರಿಗೆ ಹೋಗಲು ಕಾಲು ಬರಲಿಲ್ಲ. ಅರಕಲಗೂಡಿನ ಬಸ್ ನಿಲ್ದಾಣದ ಹೊರಗೆ ಮಲಗಿ, ಮರುದಿನ ಹಾಸನದ ಬಸ್ಸು ಹತ್ತಿದ. ಜನ ಮೂಗು ಮುಚ್ಚಿಕೊಂಡರು. "ಏನ್ ಹೊತ್ಕಂಡು ಬಂದಿದ್ದೀಯಪ್ಪಾ?" ಎಂದು ಕಂಡಕ್ಟರು ಅವನನ್ನು ಮೇಲೆ ಸಾಮಾನಿನ ಜೊತೆ ಕೂರಿಸಿದ. ಅದೇ ಒಳ್ಳೆಯದಾಯಿತು, ಗಾಳಿ ಇತ್ತು.

ಹಾಸನದಲ್ಲಿ ಲಕ್ಕಯ್ಯನಿದ್ದ. ರೈಲ್ವೆ ಗ್ಯಾಂಗಿನಲ್ಲಿ ಹಳಿ ಕೆಲಸ ಮಾಡುವವನು, ಖೆಡ್ಡಾದ ಕಾಡಿನಿಂದ ಹುಚ್ಚಯ್ಯನಿಗೆ ಪರಿಚಯ. ಹಿಂದಿನ ವರ್ಷ ರೈಲಿನಲ್ಲಿ ನಾಗಪುರಕ್ಕೆ ಹೋಗಿ ಲಕ್ಷಾಂತರ ಜನರ ನಡುವೆ ನಿಂತು ಬೌದ್ಧನಾಗಿ ಬಂದಿದ್ದ. ಅವನು ಏನೂ ಕೇಳದೆ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದ, ಬಟ್ಟೆ ಸೋಪಿನಲ್ಲಿ ಗೆಳೆಯನ ಬೆನ್ನು ಉಜ್ಜಿದ. ಮೂರು ಹಂಡೆ ನೀರು ಮುಗಿಯಿತು.

"ಓಯ್ತಾ?"

"ಇಲ್ಲ."

ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡರು. ಹುಚ್ಚಯ್ಯ ಎಲ್ಲ ಹೇಳಿದ. ಲಕ್ಕಯ್ಯ ಕೇಳಿದ್ದು ಒಂದೇ ಮಾತು: "ನಡುಹೊಳೇಲಿ ಎಂಗಿತ್ತಣ್ಣ? ಬುರುಡೆ ಒಡೆಯಾಕ್ಮುಂಚೆ?"

ಹುಚ್ಚಯ್ಯ ತುತ್ತು ಹಿಡಿದುಕೊಂಡೇ ಕೂತ. "ಖುಷಿಯಾಗಿದ್ದೆ ಕಣ ಲಕ್ಕ. ಅವ್ರು ಸುಳ್ಳು ಹೇಳಿದ್ದು, ಆ ಮುದುಕಿ ನೀರು, ಸತ್ತೆತ್ತು, ಎಲ್ಲಾನೂವೆ ತಡ್ಕಬೋದು. ಅಲ್ಲಿ ನಾನು ನಗ್ತಿದ್ನಲ್ಲ, ಅದ ನೆನುಸ್ಕಂಡ್ರೆ ನಂಗೆ ನಾನೇ ಏಸ್ಗೆ."

ನಾಲ್ಕು ದಿನದ ಮೇಲೆ ಊರಿಗೆ ಬಂದಾಗ ಪಾರ್ವತಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕಪಾಳಕ್ಕೆ ಹೊಡೆದಳು. ಹೊಳೆಯ ಕೆಳಗೆಲ್ಲ ಅವನ ಹೆಣ ಹುಡುಕಿಸಿದ್ದಳು. ಹೊಡೆದ ಕೈಯನ್ನು ಮೂಸಿ ನೋಡಿಕೊಂಡು, ಮುಖ ಕಿವುಚಿ, ಒಳಗೆ ಹೋದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಕೃಷ್ಣಪ್ಪ ಕರೆಸಿದ. ಹುಚ್ಚಯ್ಯ ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ. ಕೃಷ್ಣಪ್ಪ ಬೈಯಲಿಲ್ಲ. ಜಗಲಿಯ ಅಂಚಿನಲ್ಲಿ ಹೊಸ ಪಂಚೆ, ಒಂದು ಟವೆಲ್ಲು ಇಟ್ಟಿದ್ದ.

"ಅಲ್ಲಿ ಸುದ್ದಿ ಹೇಳ್ದೇ ಬಂದ್ಬುಟ್ಟಂತೆ. ದೊಡ್ಡಮ್ಮಾರು ಎರಡು ದಿನ ಉಂಡಿಲ್ಲ. ಓಗ್ಲಿ ಬುಡು, ಸುಸ್ತಾಗಿತ್ತೇನೋ. ತಗೋ ಇದ."

"ಮಂಜುನಾಥಪ್ಪಾರು ಕಾರಲ್ಲಿ ಓಗಿದ್ದು ನಿಮ್ಗೆ ಗೊತ್ತಿತ್ತಾ ಬುದ್ದಿ, ನನ್ನ ಕಳ್ಸುವಾಗ?"

"ಗೊತ್ತಿತ್ತು. ನಾನು ಬ್ಯಾಡ ಅಂದೆ ಕಣೋ. ಅವ್ವ ಕೇಳ್ಲಿಲ್ಲ. ಶಾಸ್ತ್ರ ಆಗ್ಲೇಬೇಕು ಅಂದ್ಲು."

"ನಾನು ಹೊಳೇಲಿ ಓಗ್ಬುಟ್ಟಿದ್ರೆ?"

ಕೃಷ್ಣಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀನಾ? ನಿಂಗೆ ಈಜೋದು, ತಿರುಗೋದು ಅಂದ್ರೆ ಪ್ರಾಣ ಅಂತ ಊರ್ಗೆಲ್ಲ ಗೊತ್ತು. ಬ್ಯಾರೆಯೋರ್ನ ಕಳ್ಸಿದ್ರೆ ಪಾಪ ಅನ್ನಿಸ್ತಿತ್ತು. ನಿಂಗೆ ಖುಷಿ ಅಲ್ವೇನ್ಲಾ?"

ಅಷ್ಟು ಮೃದುವಾಗಿ, ಅಷ್ಟು ಒಳ್ಳೆಯ ಮನಸ್ಸಿನಿಂದ ಆಡಿದ ಆ ಮಾತಿಗೆ ಹುಚ್ಚಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಉಬ್ಬಿದ ಎತ್ತಿನ ಮೇಲೆ ಕೆನ್ನೆ ಒತ್ತಿದಾಗಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ತನ್ನೊಳಗೆ ತನ್ನದೆಂದು ಇದ್ದ ಒಂದೇ ಒಂದು ಒಳ್ಳೆಯ ವಸ್ತುವನ್ನು ಇವರು ಇಷ್ಟು ವರ್ಷ ಮೂಗುದಾರ ಮಾಡಿಕೊಂಡು ಹಿಡಿದಿದ್ದರು.

ಅವನು ಪಂಚೆ ಮುಟ್ಟಲಿಲ್ಲ. "ಇನ್ಮ್ಯಾಕೆ ನಾನು ಯಾರ ಸಾವ್ನೂ ಹೊರಕಿಲ್ಲ ಗೌಡ್ರೇ" ಎಂದ. ಬುದ್ದಿ ಎನ್ನದೆ ಗೌಡ್ರೇ ಎಂದದ್ದು ಕೃಷ್ಣಪ್ಪನಿಗೆ ಕೇಳಿಸಿತು. ಅವನ ಮುಖ ಆಗ ಮಾತ್ರ ಬದಲಾಯಿತು.

ಮುಂಗಾರು ಮುಗಿಯುವ ಮೊದಲು ಮಾನ್ಯದ ಗದ್ದೆ ಹೋಯಿತು. ಕೆಲಸವನ್ನೂ ಗದ್ದೆಯನ್ನೂ ಗುಂಡಯ್ಯ ಒಪ್ಪಿಕೊಂಡ. ಒಪ್ಪಿಕೊಂಡ ದಿನ ಅವನು ಹುಚ್ಚಯ್ಯನ ಮನೆಗೆ ಬಂದು, "ಬ್ಯಾರೆ ಯಾರ್ಗೋ ಓಗೋ ಬದ್ಲು ನಮ್ಮಲ್ಲೇ ಇರ್ಲಿ ಅಂತ, ಅಣ್ಣ" ಎಂದು ಹಲ್ಲು ಕಿರಿದ. ಹುಚ್ಚಯ್ಯ ಗೋಡೆಯ ಕಡೆ ತಿರುಗಿ ಕೂತ. ಗೌಡರ ಮೇಲಾದರೂ ಉಗಿಯಬಹುದು, ಇವನ ಮೇಲೆ ಹೇಗೆ ಉಗಿಯುವುದು?

ಪಾರ್ವತಮ್ಮನಿಗೆ ಗದ್ದೆ ಹೋದದ್ದೇ ದೊಡ್ಡದು. ಅವಳು ಮೂವತ್ತೈದು ವರ್ಷ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ ಗದ್ದೆ. "ನಿನ್ನ ಕಾಲ್ಚಟಕ್ಕೆ ಅವ್ರು ಏಸ್ಗೆ ತಿನ್ನುಸುದ್ರು, ತಿಂದೆ. ಈಗ ರೋಸ ಬಂತಂತೆ! ಈ ರೋಸ ಇಪ್ಪತ್ತೊರ್ಸದ ಇಂದೇನೇ ಬಂದಿದ್ರೆ ನಾನೂವೆ ಜೊತೇಗೆ ಉಗೀತಿದ್ದೆ" ಎಂದಳು.

ಅವರು ಹಾಸನಕ್ಕೆ ಬಂದರು. ಲಕ್ಕಯ್ಯನ ಮಾತಿನ ಮೇಲೆ ಗೂಡ್ಸ್ ಶೆಡ್ಡಿನಲ್ಲಿ ಹುಚ್ಚಯ್ಯನಿಗೆ ಮೂಟೆ ಎತ್ತುವ ಕೂಲಿ ಸಿಕ್ಕಿತು, ಪಾರ್ವತಮ್ಮ ಮನೆ ಕಟ್ಟುವಲ್ಲಿ ಗಾರೆ ಹೊತ್ತಳು. ವರ್ಷಕ್ಕೊಮ್ಮೆ, ಬಿಸಿಲು ಏರುವ ಮೊದಲು, ಹುಚ್ಚಯ್ಯ ಗಂಟು ಕಟ್ಟುತ್ತಿದ್ದ. ಮೊದಮೊದಲು ಹತ್ತಿರದ ಬೆಟ್ಟಗಳು. ಸಾವಿರದ ಒಂಬೈನೂರ ಅರವತ್ತರಲ್ಲಿ ಲಕ್ಕಯ್ಯನ ಜೊತೆ ರೈಲಿನಲ್ಲಿ ಗಯೆಗೆ ಹೋದ. ಲಕ್ಕಯ್ಯ ಬೋಧಿವೃಕ್ಷದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರೆ, ಹುಚ್ಚಯ್ಯ ಅಲ್ಲಿಂದ ರಾಜಗಿರದ ತನಕ ನಡೆದೇ ಹೋಗಿ, ಮೆಟ್ಟಿಲಿಲ್ಲದ ಕಡೆಯಿಂದ ಬೆಟ್ಟ ಹತ್ತಿ, ಚಿರತೆಯ ಹೆಜ್ಜೆ ನೋಡಿ, ಆರು ದಿನದ ಮೇಲೆ ಮೊಣಕೈ ತರಚಿಕೊಂಡು ಬಂದ. "ಅರವತ್ತೆರಡು ವರ್ಸ ಆಯ್ತು ನಿಂಗೆ!" ಎಂದು ಲಕ್ಕಯ್ಯ ಕೂಗಾಡಿದ.

ಬೆಟ್ಟದ ತುದಿಯಲ್ಲಿ ನಿಂತಾಗ ಹುಚ್ಚಯ್ಯ ಕಾದಿದ್ದ, ಆ ಹಳೆಯ ಖುಷಿ ಬರುತ್ತದೋ ನೋಡಲು. ಬಂತು. ಬಂದ ಕೂಡಲೇ 'ನಿಂಗೆ ಖುಷಿ ಅಲ್ವೇನ್ಲಾ' ಎಂಬ ಕೃಷ್ಣಪ್ಪನ ಮಾತೂ ಕಿವಿಗೆ ಬಂತು. ಅವನು ಗಂಟಲು ಕೆರೆದು ಕಣಿವೆಗೆ ಉಗಿದು, ಇಳಿಯತೊಡಗಿದ.

ಅರವತ್ತಮೂರರ ಜನವರಿಯಲ್ಲಿ ಪಾರ್ವತಮ್ಮ ತಾನಾಗಿಯೇ ಕೇಳಿದಳು. "ಈ ಸಲ ಎತ್ತಗೆ?"

"ಸಕಲೇಶಪುರದ ಗಂಟ ಬಸ್ಸು. ಆಮ್ಯಾಕೆ ಘಾಟಿ ಇಳ್ಕಂಡು ಸಮುದ್ರದ ತಾವ."

"ನಾನೂ ಬತ್ತೀನಿ. ಮನೇಲಿ ಕುಂತ್ಕಂಡು ಸತ್ನೋ ಇದ್ನೋ ಅಂತ ಯೋಚ್ನೆ ಮಾಡಾಕೆ ನನ್ ಕೈಲಿ ಇನ್ನಾಗಕಿಲ್ಲ."

ಹಾಸನದ ಬಸ್ ನಿಲ್ದಾಣದಲ್ಲಿ ಅವರಿಬ್ಬರೂ ಗಂಟಿನ ಮೇಲೆ ಕೂತಿದ್ದಾಗ ಯಾರೋ "ಏನ್ಲಾ ಉಚ್ಚ!" ಎಂದರು. ಕೃಷ್ಣಪ್ಪ. ತಲೆ ನರೆತಿತ್ತು. ಜೊತೆಗೆ ಅಳಿಯನೆಂದು ಕಾಣುವ ಪ್ಯಾಂಟಿನ ಯುವಕನಿದ್ದ. ಕೃಷ್ಣಪ್ಪನ ಮುಖದಲ್ಲಿ ಹಳೆಯ ನೆಂಟನನ್ನು ಕಂಡಂಥ ಸಂತೋಷ.

"ನೋಡಿ, ನಾನ್ ಹೇಳ್ತಿದ್ನಲ್ಲ, ಇವ್ನೇ" ಎಂದು ಅಳಿಯನಿಗೆ ತೋರಿಸಿದ. "ನಮ್ಮಪ್ಪ ತೀರ್ಕಂಡಾಗ ತುಂಬಿದ ಹೇಮಾವತೀನ ಈಜ್ಕಂಡು ಓಗಿ ಅಕ್ಕಂಗೆ ಸುದ್ದಿ ಮುಟ್ಸಿದೋನು. ಅರವತ್ತೊರ್ಸದ ಮುದ್ಕ! ಅಂಥ ನಿಯತ್ತು ಈಗಿನೋರಲ್ಲೆಲ್ಲದೆ? ನಮ್ಮನೇಲಿ ಮಕ್ಳಿಗೆಲ್ಲ ಇವನ ಕತೇನೇ ಹೇಳೋದು."

ಅಳಿಯ ಮೆಚ್ಚುಗೆಯಿಂದ ತಲೆದೂಗಿದ.

ಹುಚ್ಚಯ್ಯ ಎದ್ದು ನಿಂತ. ಬಾಯಿಯಲ್ಲಿದ್ದ ಎಲೆಅಡಿಕೆ ಮಣ್ಣಾದಂತೆ ಅನಿಸಿತು. ಗದ್ದೆ ಕಿತ್ತುಕೊಂಡಾಗ ಬಂದದ್ದು ಸಿಟ್ಟು. ಇದು ಸಿಟ್ಟಲ್ಲ. ಇವರು ಅವನ ಹೊಳೆಯನ್ನೂ ತೊಳೆದು ಮಡಿ ಮಾಡಿ ಮನೆಯೊಳಗೆ ಇಟ್ಟುಕೊಂಡಿದ್ದರು.

"ನಾನು ಸುದ್ದಿ ಮುಟ್ಟುಸ್ಲಿಲ್ಲ" ಎಂದ ಅಳಿಯನ ಕಡೆ ನೋಡಿ. "ಅವ್ರ ಅಕ್ಕ ಕಾರಲ್ಲಿ ಬಂದಾಗಿತ್ತು. ನನ್ನ ದಡ ಸೇರ್ಸಿದ್ದು ಒಂದು ಕೊಳ್ತೋದ ಎತ್ತು ಸಾ. ಅದ್ರ ತೊಗ್ಲು ನನ್ನ ಎದೇಗೆ ಅಂಟ್ಕಂಡಿತ್ತು. ಮಕ್ಳಿಗೆ ಹೇಳೋದಾದ್ರೆ ಅದ ಹೇಳಿ."

ಅಳಿಯ ಮಾವನ ಮುಖ ನೋಡಿದ. ಕೃಷ್ಣಪ್ಪ ನಕ್ಕುಬಿಟ್ಟ. "ಮೊದ್ಲಿಂದ್ಲೂ ಇಂಗೇ, ತಮಾಸೆ ಜಾಸ್ತಿ ಇವಂದು" ಎಂದ.

ಪಾರ್ವತಮ್ಮ ಗಂಟು ಎತ್ತಿಕೊಂಡಳು. "ಬಸ್ ಬಂತು, ನಡಿ" ಎಂದು ಗಂಡನ ತೋಳು ಹಿಡಿದು ಎಳೆದಳು. ಬಸ್ಸಿನಲ್ಲಿ ಅವಳು ಗಂಟನ್ನು ಕಾಲ ಬಳಿ ಇಳಿಸಿದಳು. ಆಮೇಲೆ, "ಕೊಳ್ತೋದ ಎತ್ತಾ? ನಂಗೂ ಹೇಳಿರ್ಲಿಲ್ಲ ನೀನು" ಎಂದಳು.

"ಎಂಗ್ ಹೇಳ್ಲಿ?"

"ಆ ದಿನ ಕೈ ಮೂಸ್ಕಂಡು ಒಳಕ್ಕೋದೆ. ಯಾವ್ಳೋ ತಾವ ಬಿದ್ಕಂಡಿದ್ದು ಬಂದವ್ನೆ ಅನ್ಕಂಡಿದ್ದೆ" ಎಂದು ಕಿಟಕಿಯ ಕಡೆ ತಿರುಗಿದಳು. ನಗುತ್ತಿದ್ದಳೋ ಇಲ್ಲವೋ ಅವನಿಗೆ ಕಾಣಲಿಲ್ಲ.

ಘಾಟಿಯನ್ನು ಮೂರು ದಿನ ನಡೆದು ಇಳಿದರು. ಎರಡನೆಯ ದಿನ ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ಹುಚ್ಚಯ್ಯ ಹೆಂಡತಿಯನ್ನು ಬಂಡೆಯೊಂದರ ಮೇಲೆ ಹತ್ತಿಸಿ, ಖೆಡ್ಡಾದಲ್ಲಿ ಕಲಿತಂತೆ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿದ. ಮಧ್ಯಾಹ್ನದ ತನಕ ಅವರು ಕದಲಲಿಲ್ಲ. ಐದು ಆನೆಗಳು ಬಿದಿರು ಮುರಿಯುತ್ತ ಕೆಳಗೆ ಹಾದು ಹೋದವು. ಪಾರ್ವತಮ್ಮ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಆನೆಗಳು ಹೋದ ಮೇಲೂ ಬಿಡದೆ, "ಮರಿ ಇನ್ನೊಂದ್ಸಲ ಕಾಣ್ತದಾ?" ಎಂದು ಬಗ್ಗಿ ನೋಡಿದಳು. ಮುಂದೆ ಹಳ್ಳಕ್ಕೆ ಅಡ್ಡ ಹಾಕಿದ್ದ ಒಂಟಿ ಮರದ ಮೇಲೆ ಅವನಿಗಿಂತ ಮೊದಲು ಅವಳೇ ದಾಟಿದಳು, ಗಾರೆ ಬಾಂಡಲಿ ಹೊತ್ತು ಅಭ್ಯಾಸವಾಗಿದ್ದ ಕತ್ತು ಒಂದಿಷ್ಟೂ ಅಲ್ಲಾಡದಂತೆ.

ಒಂಬತ್ತನೆಯ ದಿನ ಮಂಗಳೂರಿನ ಆಚೆ ಸಮುದ್ರ ಕಂಡಿತು. ಪಾರ್ವತಮ್ಮ ಸೀರೆ ಎತ್ತಿಕಟ್ಟಿ ನೀರಿಗೆ ಇಳಿದು, ಬೊಗಸೆಯಲ್ಲಿ ತುಂಬಿಕೊಂಡು ಬಾಯಿಗೆ ಹಾಕಿಕೊಂಡಳು.

"ಥೂ! ಇದ್ಯಾವ ಸೀಮೆ ನೀರು! ಇದ್ಕೆ ಒಂಬತ್ತು ದಿನ ನಡುಸ್ದಾ?"

ಅವನು ನಕ್ಕ. ತನ್ನ ನಗು ತನಗೇ ಕೇಳಿಸಿ, ಅದರ ಹಿಂದೆ ಕೃಷ್ಣಪ್ಪನ ದನಿ ಬರುತ್ತದೆಂದು ಕಾದ. ಅಲೆಯ ಸದ್ದು ಜೋರಾಗಿತ್ತು.

ದಡದಲ್ಲಿ ಮೀನು ಆರಿಸುತ್ತಿದ್ದ ಹೆಂಗಸೊಬ್ಬಳು ಅವರನ್ನು ಕರೆದು, ಬಾಯಾರಿಕೆ ಎಂದು ತಿಳಿದು, ಮಡಕೆಯಿಂದ ನೀರು ಬಗ್ಗಿಸಿದಳು. ಲೋಟ ಕೊಡುವ ಮೊದಲು ಅವಳ ಕೈ ತಡೆಯಿತು. ಒಳ್ಳೆಯ ಮುಖದವಳೇ. "ನೀವು ಯಾವ ಜಾತಿ?" ಎಂದು ಕೇಳಿದಳು.

ಹುಚ್ಚಯ್ಯನ ನಾಲಿಗೆಯ ಬುಡದಲ್ಲಿ ಆ ಹಳೆಯ ಕಹಿ ಏಳುತ್ತಿತ್ತು. ಪಾರ್ವತಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಳು. ನಂತರ ಗಂಟನ್ನು ತಲೆಗೆ ಏರಿಸಿ, ಉತ್ತರದ ಕಡೆ, ನೀರೊಳಕ್ಕೆ ಚಾಚಿಕೊಂಡಿದ್ದ ಕರಿಯ ಬಂಡೆಗಳ ಸಾಲು ನೋಡಿದಳು.

"ಅದ್ರ ಆಚೆ ಸಿಹಿನೀರಿನ ಬಾವಿ ಇರ್ಬೋದು. ನಡಿ, ಓಗ್ಮ" ಎಂದಳು.

ಒದ್ದೆ ಮರಳಿನ ಮೇಲೆ ನಡೆಯುವುದು ಸುಲಭವಾಗಿತ್ತು. ಅವಳು ಮುಂದೆ, ಅವನು ಹಿಂದೆ.